ಗಿಟಾರಿನ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು?

ವಿದ್ಯುತ್ ಗಿಟಾರನ್ನು ಯಾವ ಯಂತ್ರಕ್ಕೂ ಜೋಡಿಸದೆ ಬರಿದೆ ಮೀಟಿದರೆ ಹೊರಡುವ ನಾದ ಒಂದು ಕೋಣೆಯನ್ನು ತುಂಬುವುದಕ್ಕೂ ಸಾಲದು. ವೀಣೆಗೆ ಹಲಸಿನ ಮರದ ಕೊಡವಿದೆ. ಪಿಟೀಲಿಗೆ ಟೊಳ್ಳಾದ ಒಡಲಿದೆ. ತಂತಿಯ ಕಂಪನವು ಆ ಒಡಲಿಗೆ ಇಳಿದು, ಅದರ ಅಗಲವಾದ ಮೈಯನ್ನು ನಡುಗಿಸಿ, ಸಾಕಷ್ಟು ಗಾಳಿಯನ್ನು ತಳ್ಳುವುದರಿಂದಲೇ ವಾದ್ಯದ ಧ್ವನಿ ನಮ್ಮ ಕಿವಿಗೆ ಮುಟ್ಟುತ್ತದೆ. ವಿದ್ಯುತ್ ಗಿಟಾರಿನದಾದರೋ ಸಾಮಾನ್ಯವಾಗಿ ಗಟ್ಟಿ ಮರದ ಒಡಲು. ಅದರ ಉಕ್ಕಿನ ತಂತಿಗಳ ಕೆಳಗೆ ಕುಳಿತಿರುವ ಅಯಸ್ಕಾಂತವೂ ತಾಮ್ರದ ಸುರುಳಿಯೂ ಸೇರಿ ಕಂಪನವನ್ನು ಕ್ಷೀಣವಾದ ವಿದ್ಯುತ್ ಸಂಜ್ಞೆಯನ್ನಾಗಿ ಮಾರ್ಪಡಿಸುತ್ತವೆ. ಆಂಪ್ಲಿಫೈಯರು ಆ ಸಂಜ್ಞೆಯನ್ನು ಬಲಪಡಿಸುತ್ತದೆ. ಸ್ಪೀಕರು ಅದನ್ನು ಮತ್ತೆ ಗಾಳಿಯ ಅಲೆಗಳನ್ನಾಗಿ ಹೊರಗೆಡಹುತ್ತದೆ. ಆದುದರಿಂದ ಸ್ಪೀಕರನ್ನೂ ಅದನ್ನು ಕೂರಿಸಿದ ಮರದ ಪೆಟ್ಟಿಗೆಯನ್ನೂ (ವಾದಕರು ಕ್ಯಾಬಿನೆಟ್ ಎಂದು ಕರೆಯುವುದು ಇದನ್ನೇ) ವಾದ್ಯದಿಂದ ಬೇರೆಯಾದ ಒಂದು ಉಪಕರಣವೆಂದು ತಿಳಿಯುವುದು ಸರಿಯಲ್ಲ. ಅದು ಗಿಟಾರಿನ ಕೊಡ. ತಂತಿಯಿಂದ ಕೆಲವು ಗಜ ದೂರದಲ್ಲಿ ಕುಳಿತಿದೆ, ಅಷ್ಟೆ.

ಕಾಲೇಜುಗಳಲ್ಲಿ ವಾದ್ಯವೃಂದ ಕಟ್ಟಿಕೊಂಡು ವೇದಿಕೆಯೇರಲು ಹೊರಟ ತರುಣರು ಎಂಥ ಪೆಟ್ಟಿಗೆಯನ್ನು ಕೊಳ್ಳಬೇಕೆಂದು ಕೇಳುವುದುಂಟು. ಹಾಗೆ ಕೇಳುವವರಲ್ಲಿ ಅನೇಕರು ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಚಿತ್ರಗಳಲ್ಲಿ ಪ್ರಸಿದ್ಧ ವಾದಕರ ಬೆನ್ನ ಹಿಂದೆ ಕಾಣುವ, ನಾಲ್ಕು ನಾಲ್ಕು ಸ್ಪೀಕರುಗಳ ಕರಿಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಏರಿಸಿದ ಗೋಪುರವೇ ಅವರ ಮನಸ್ಸಿನಲ್ಲಿದೆ. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಮುನ್ನೂರು ನಾನೂರು ಜನ ಕೂರುವ ಸಭಾಂಗಣಕ್ಕೆ ೧೨ ಅಂಗುಲದ ಒಂದೇ ಸ್ಪೀಕರಿನ ಪೆಟ್ಟಿಗೆ, ಹೆಚ್ಚೆಂದರೆ ಎರಡು ಸ್ಪೀಕರಿನದು, ಸಾಕು. ಸಾಕೆಂದರೆ ಬಡತನದ ಸಮಾಧಾನವಲ್ಲ. ಕೇಳುವವರಿಗೂ ನುಡಿಸುವವರಿಗೂ ಅದೇ ಮೇಲು.

ಗೋಪುರಗಳು ಹುಟ್ಟಿದ ಬಗೆಯನ್ನು ಮೊದಲು ನೋಡೋಣ. ಜಿಮ್ ಮಾರ್ಷಲ್ ಎಂಬ ಡ್ರಮ್ ವಾದಕರು ೧೯೬೦ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾನ್‌ವೆಲ್ ಎಂಬಲ್ಲಿ ವಾದ್ಯಗಳ ಅಂಗಡಿಯೊಂದನ್ನು ತೆರೆದರು. ೧೯೬೨ರ ಸುಮಾರಿಗೆ ಅಲ್ಲಿಯೇ ಆಂಪ್ಲಿಫೈಯರುಗಳ ತಯಾರಿಕೆಯೂ ಆರಂಭವಾಯಿತು. ಅವರು ಮಾದರಿಯಾಗಿಟ್ಟುಕೊಂಡದ್ದು ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಯಂತ್ರವನ್ನು. ಬಾಸ್‌ಮನ್ ಯಂತ್ರದಲ್ಲಿ ೧೦ ಅಂಗುಲದ ನಾಲ್ಕು ಸ್ಪೀಕರುಗಳು ಬೆನ್ನು ತೆರೆದ ಪೆಟ್ಟಿಗೆಯಲ್ಲಿದ್ದುವು. ಮಾರ್ಷಲ್ಲರು ೧೨ ಅಂಗುಲದ ನಾಲ್ಕು ಸ್ಪೀಕರುಗಳನ್ನು ಬೆನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರು. ನಾಲ್ಕೇ ಏಕೆ? ಆ ಕಾಲದಲ್ಲಿ ದೊರೆಯುತ್ತಿದ್ದ ಸೆಲೆಸ್ಟಿಯನ್ ಸ್ಪೀಕರುಗಳು ಒಂದೊಂದೂ ೧೫ ಅಥವಾ ೨೦ ವಾಟ್ ಶಕ್ತಿಯನ್ನು ಮಾತ್ರ ತಾಳಬಲ್ಲವಾಗಿದ್ದುವು. ಅದಕ್ಕಿಂತ ಹೆಚ್ಚು ಹರಿಸಿದರೆ ಸುರುಳಿ ಸುಟ್ಟು ಕರಕಾಗುತ್ತಿತ್ತು. ಬಲವಾದ ಆಂಪ್ಲಿಫೈಯರಿನ ಹೊರೆಯನ್ನು ಒಬ್ಬಿಬ್ಬರು ಹೊರಲಾರದೆ ನಾಲ್ವರು ಹೊತ್ತರು ಎಂದರೆ ವಿಷಯ ತಿಳಿದಂತಾಯಿತು. ೧೯೬೫ರಲ್ಲಿ ‘ದಿ ಹೂ’ ವೃಂದದ ಪೀಟ್ ಟೌನ್‌ಸೆಂಡ್ ಅವರು ೧೦೦ ವಾಟಿನ ಆಂಪ್ಲಿಫೈಯರನ್ನೂ ಎಂಟು ಸ್ಪೀಕರುಗಳ ಪೆಟ್ಟಿಗೆಯನ್ನೂ ಮಾಡಿಸಿಕೊಂಡರು. ಆ ಪೆಟ್ಟಿಗೆಯನ್ನು ಊರೂರಿಗೆ ಹೊತ್ತು ತಿರುಗುವವರು ಸಹಿಸಲಿಲ್ಲ. ಕಡೆಗೆ ಅದನ್ನು ಎರಡಾಗಿ ಒಡೆದು, ನಾಲ್ಕರ ಮೇಲೆ ನಾಲ್ಕು ಪೇರಿಸುವ ಪದ್ಧತಿ ಬಂತು.

ಇನ್ನೊಂದು ಕಾರಣವೂ ಇತ್ತು. ೧೯೬೫ರ ಆಗಸ್ಟ್ ೧೫ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ವೃಂದವು ೫೫,೦೦೦ಕ್ಕೂ ಹೆಚ್ಚು ಜನರ ಮುಂದೆ ನುಡಿಸಿತು. ಗಾಯನ ಕೇಳಿದ್ದು ಕ್ರೀಡಾಂಗಣದ ಸಾಮಾನ್ಯ ಧ್ವನಿವರ್ಧಕಗಳ ಮೂಲಕ. ವೋಕ್ಸ್ ಕಂಪನಿ ಆ ವೃಂದಕ್ಕಾಗಿ ೧೦೦ ವಾಟಿನ ಆಂಪ್ಲಿಫೈಯರುಗಳನ್ನು ಒದಗಿಸಿದ್ದರೂ ಅಭಿಮಾನಿಗಳ ಕೂಗಿನಲ್ಲಿ ವಾದಕರಿಗೆ ತಮ್ಮ ವಾದನವೇ ಕೇಳಿಸಲಿಲ್ಲ. ಅಂದಿನ ಸಭಾಂಗಣಗಳಲ್ಲಿ ಗಿಟಾರಿನ ಧ್ವನಿಯನ್ನು ಹಿಂದಿನ ಸಾಲಿನವರೆಗೆ ಮುಟ್ಟಿಸುವ ಹೊಣೆ ವೇದಿಕೆಯ ಮೇಲಿನ ಪೆಟ್ಟಿಗೆಯದೇ ಆಗಿತ್ತು. ಹೀಗಿರುವಾಗ ಪೆಟ್ಟಿಗೆಗಳು ಬೆಳೆದದ್ದು ಆಶ್ಚರ್ಯವಲ್ಲ.

ಈಗ ಆ ಎರಡು ಕೊರತೆಗಳೂ ನೀಗಿವೆ. ಅದೇ ಸೆಲೆಸ್ಟಿಯನ್ ಕಂಪನಿಯ ‘ವಿಂಟೇಜ್ ೩೦’ ಎಂಬ ೧೨ ಅಂಗುಲದ ಸ್ಪೀಕರು ಒಂದೇ ೬೦ ವಾಟ್ ತಾಳುತ್ತದೆ. ಅದಕ್ಕಿಂತ ಹೆಚ್ಚು ತಾಳುವವೂ ಇವೆ. ಸಭಿಕರಿಗೆ ಧ್ವನಿಯನ್ನು ಮುಟ್ಟಿಸುವ ಕೆಲಸವನ್ನು ಸಭಾಂಗಣದ ಧ್ವನಿವರ್ಧಕ ವ್ಯವಸ್ಥೆಯೇ ವಹಿಸಿಕೊಂಡಿದೆ. ಗಿಟಾರಿನ ಪೆಟ್ಟಿಗೆಯ ಮುಂದೆ ಒಂದು ಮೈಕ್ ಇಟ್ಟರೆ ಮುಗಿಯಿತು. ಈ ಕೆಲಸಕ್ಕೆ ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ಶೂರ್ ಕಂಪನಿಯ ‘ಎಸ್‌ಎಮ್ ೫೭’ ಮೈಕ್ ಹುಟ್ಟಿದ್ದೂ ಅದೇ ೧೯೬೫ರಲ್ಲಿ ಎಂಬುದು ಒಂದು ವಿನೋದ. ಮೈಕಿಗೆ ಒಂದು ಸ್ಪೀಕರು ಸಾಕು. ಉಳಿದ ಏಳು ಸ್ಪೀಕರುಗಳು ಏನು ಮಾಡುತ್ತಿವೆ? ದೊಡ್ಡ ವೇದಿಕೆಗಳಲ್ಲಿ ಸಾಲಾಗಿ ನಿಲ್ಲಿಸಿದ ಪೆಟ್ಟಿಗೆಗಳಲ್ಲಿ ಕೆಲವು ಬರಿಯ ಖಾಲಿ ಪೆಟ್ಟಿಗೆಗಳಾಗಿರುವುದೂ ಉಂಟು. ನಾಟಕದ ಪರದೆಯ ಮೇಲೆ ಬರೆದ ಅರಮನೆಗೂ ಇವಕ್ಕೂ ಹೆಚ್ಚಿನ ಭೇದವಿಲ್ಲ. ಅದನ್ನು ತಪ್ಪೆನ್ನಲಾರೆವು, ನಾಟಕಕ್ಕೂ ಅದರ ಬೆಲೆಯಿದೆ. ಆದರೆ ವಿದ್ಯಾರ್ಥಿಯೊಬ್ಬನು ಕೂಡಿಟ್ಟ ಹಣವನ್ನು ಪರದೆಗೆ ಸುರಿಯುವುದು ನಮಗೆ ಸಮ್ಮತವಲ್ಲ.

ಕೊಳ್ಳುವವರನ್ನು ದಾರಿ ತಪ್ಪಿಸುವ ಇನ್ನೊಂದು ಸಂಗತಿಯೆಂದರೆ ವಾಟ್‌ಗಳ ಲೆಕ್ಕ. ೧೦೦ ವಾಟಿನ ಯಂತ್ರ ೫೦ ವಾಟಿನದಕ್ಕಿಂತ ಎರಡರಷ್ಟು ಜೋರು ಎಂದು ಬಹು ಜನರ ನಂಬಿಕೆ. ಕಿವಿ ಹಾಗೆ ಲೆಕ್ಕ ಹಾಕುವುದಿಲ್ಲ. ಶಕ್ತಿಯನ್ನು ಎರಡರಷ್ಟು ಮಾಡಿದರೆ ಧ್ವನಿಯ ಮಟ್ಟ ಏರುವುದು ೩ ಡೆಸಿಬೆಲ್ ಮಾತ್ರ. ಎರಡರಷ್ಟು ಜೋರೆಂದು ನಮಗೆ ಅನ್ನಿಸಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತರಷ್ಟು ಶಕ್ತಿ ಬೇಕು. ಎಂದರೆ ೧೦೦ ವಾಟಿನ ಯಂತ್ರ ೧೦ ವಾಟಿನ ಯಂತ್ರಕ್ಕಿಂತ ಎರಡರಷ್ಟು ಜೋರು!

ಪೆಟ್ಟಿಗೆಯನ್ನು ಆರಿಸುವಾಗ ವಾಟಿಗಿಂತ ಮುಖ್ಯವಾಗಿ ನೋಡಬೇಕಾದ ಸಂಖ್ಯೆ ಬೇರೊಂದಿದೆ. ತಯಾರಕರು ಅದನ್ನು ಸೆನ್ಸಿಟಿವಿಟಿ ಎಂಬ ಹೆಸರಿನಲ್ಲಿ ಅಚ್ಚುಹಾಕಿರುತ್ತಾರೆ. ಸ್ಪೀಕರಿಗೆ ೧ ವಾಟ್ ಶಕ್ತಿಯನ್ನು ಕೊಟ್ಟು ೧ ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಕಾಣುವುದೆಂಬುದೇ ಈ ಸಂಖ್ಯೆ. ಗಿಟಾರಿನ ಸ್ಪೀಕರುಗಳಲ್ಲಿ ಇದು ಸಾಮಾನ್ಯವಾಗಿ ೯೭ರಿಂದ ೧೦೦ರವರೆಗೆ ಇರುತ್ತದೆ. ಮೂರು ಅಂಕೆಗಳ ಈ ಅಂತರವನ್ನು ಅಲ್ಪವೆಂದು ಬಗೆಯಬಾರದು. ೯೭ರ ಸ್ಪೀಕರಿಗೆ ೫೦ ವಾಟ್ ಕೊಟ್ಟಾಗ ಬರುವ ಧ್ವನಿ ೧೦೦ರ ಸ್ಪೀಕರಿಗೆ ೨೫ ವಾಟ್ ಕೊಟ್ಟರೆ ಬಂದುಬಿಡುತ್ತದೆ. ೧೦೦ರ ಸ್ಪೀಕರಿಗೆ ೨೦ ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ೧೧೩ ಡೆಸಿಬೆಲ್. ಇದಕ್ಕಿಂತ ಜೋರಾದ ಧ್ವನಿ ನಮ್ಮ ಕಾಲೇಜು ಸಭಾಂಗಣಗಳ ವೇದಿಕೆಗೆ ಏಕೆ ಬೇಕೋ ನಾವರಿಯೆವು. ಮೈಕಿಲ್ಲದ ಡ್ರಮ್ಮಿಗೆ ಗಿಟಾರು ಸರಿದೂಗಿದರೆ ವೇದಿಕೆಯ ಅಗತ್ಯ ತೀರಿತು.

ಈಗ ಪೆಟ್ಟಿಗೆಯ ವಿಷಯದಲ್ಲಿ ಅತ್ಯಂತ ಕಡಿಮೆ ಗಮನಕ್ಕೆ ಬರುವ, ಆದರೆ ನಮ್ಮ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಸಂಗತಿಗೆ ಬರೋಣ. ಗಿಟಾರಿನ ಅತಿ ಮಂದ್ರವಾದ ತಂತಿಯ ಕಂಪನ ಸೆಕೆಂಡಿಗೆ ಸುಮಾರು ೮೨. ಶಬ್ದದ ವೇಗ ಸೆಕೆಂಡಿಗೆ ೩೪೩ ಮೀಟರ್ ಎಂದಿಟ್ಟುಕೊಂಡರೆ ಆ ಅಲೆಯ ಉದ್ದ ನಾಲ್ಕು ಮೀಟರಿಗಿಂತ ಹೆಚ್ಚು. ನಾದಕ್ಕೆ ಹೊಳಪು ಕೊಡುವ ಉಪಸ್ವರಗಳು ಸೆಕೆಂಡಿಗೆ ೩,೦೦೦ ಕಂಪನಗಳ ಆಸುಪಾಸಿನಲ್ಲಿವೆ. ಅವುಗಳ ಅಲೆಯ ಉದ್ದ ೧೧ ಸೆಂಟಿಮೀಟರ್ ಮಾತ್ರ. ೧೨ ಅಂಗುಲದ ಸ್ಪೀಕರಿನ ಅಗಲವೋ ಸುಮಾರು ೩೦ ಸೆಂಟಿಮೀಟರ್. ಅಲೆಯು ತನ್ನ ಮೂಲಕ್ಕಿಂತ ಬಹು ಉದ್ದವಾಗಿದ್ದಾಗ ಎಲ್ಲ ದಿಕ್ಕಿಗೂ ಹಬ್ಬುತ್ತದೆ. ಮೂಲಕ್ಕಿಂತ ಗಿಡ್ಡವಾದಾಗ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಮಾತ್ರ ಸಾಗುತ್ತದೆ. ನದಿಯ ದೊಡ್ಡ ಅಲೆ ಕಂಬವೊಂದನ್ನು ಬಳಸಿಕೊಂಡು ಹೋಗುವುದನ್ನೂ ಕಿರು ತೆರೆ ಅದಕ್ಕೆ ಬಡಿದು ಹಿಂದಿರುಗುವುದನ್ನೂ ನೋಡಿದವರಿಗೆ ಈ ತತ್ತ್ವ ಹೊಸದಲ್ಲ. ಆದಕಾರಣ ಗಿಟಾರಿನ ಮಂದ್ರಸ್ವರಗಳು ಪೆಟ್ಟಿಗೆಯಿಂದ ಸುತ್ತಲೂ ಹರಡಿದರೆ, ತೀಕ್ಷ್ಣವಾದ ಉಪಸ್ವರಗಳು ಸ್ಪೀಕರಿನ ಎದುರಿಗೆ ಇಕ್ಕಟ್ಟಾದ ಒಂದು ದಾರಿಯಲ್ಲಿ ಹೋಗುತ್ತವೆ.

ಇದರ ಪರಿಣಾಮವನ್ನು ನೋಡಿ. ಪೆಟ್ಟಿಗೆ ನೆಲದ ಮೇಲಿದೆ. ವಾದಕನು ಅದರ ಮುಂದೆ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಾನೆ. ತೀಕ್ಷ್ಣಸ್ವರಗಳ ಕಿರಣ ಅವನ ಮೊಣಕಾಲಿಗೆ ಬಡಿದು ಹೋಗುತ್ತದೆ. ಮೊಣಕಾಲಿಗೆ ಕಿವಿಯಿಲ್ಲ. ತನ್ನ ನಾದ ಮಂಕಾಗಿದೆಯೆಂದು ಭಾವಿಸಿ ಅವನು ಆಂಪ್ಲಿಫೈಯರಿನ ಗುಂಡಿಗಳನ್ನು ತಿರುಗಿಸಿ ತೀಕ್ಷ್ಣತೆಯನ್ನೂ ಜೋರನ್ನೂ ಏರಿಸುತ್ತಾನೆ. ಅವನಿಗೆ ಈಗ ಹಿತವಾಯಿತು. ಆದರೆ ವೇದಿಕೆಯ ಕೆಳಗೆ ಮುಂದಿನ ಸಾಲಿನಲ್ಲಿ ಕುಳಿತವರ ಕಿವಿ ನೇರವಾಗಿ ಆ ಕಿರಣದ ದಾರಿಯಲ್ಲಿದೆ. ಅಂಚಿನ ಕುರ್ಚಿಗಳಲ್ಲಿ ಕುಳಿತವರಿಗೆ ಗೊರಗೊರ ಶಬ್ದ ಮಾತ್ರ. ನಡುವಿನವರಿಗೆ ಚಾಕುವಿನ ಇರಿತ. ಸ್ಪೀಕರುಗಳು ಒಂದರ ಪಕ್ಕದಲ್ಲಿ ಒಂದು ಇದ್ದಷ್ಟೂ ಮೂಲದ ಅಗಲ ಹೆಚ್ಚುವುದರಿಂದ ಕಿರಣ ಮತ್ತಷ್ಟು ಇಕ್ಕಟ್ಟಾಗುತ್ತದೆ. ಅಲ್ಲದೆ ಒಂದರ ಅಲೆ ಇನ್ನೊಂದರದನ್ನು ಕೆಲವೆಡೆ ಬಲಪಡಿಸಿ ಕೆಲವೆಡೆ ಅಳಿಸುವುದರಿಂದ ಕುರ್ಚಿಯಿಂದ ಕುರ್ಚಿಗೆ ನಾದ ಬೇರೆಯಾಗುತ್ತದೆ. ಭೌತವಿಜ್ಞಾನದ ಪಠ್ಯಗಳಲ್ಲಿ ಬೆಳಕಿನ ವ್ಯತಿಕರಣವನ್ನು ಕುರಿತು ಓದಿದ ವಿದ್ಯಾರ್ಥಿಗಳು ಅದನ್ನು ಸಭಾಂಗಣದಲ್ಲಿ ನಡೆದಾಡುತ್ತ ಕಿವಿಯಿಂದಲೇ ಪರೀಕ್ಷಿಸಬಹುದು.

ಇಷ್ಟಕ್ಕೂ ಪರಿಹಾರ ಒಂದು ಕುರ್ಚಿ. ಒಂದು ಸ್ಪೀಕರಿನ ಪೆಟ್ಟಿಗೆಯನ್ನು ಗಟ್ಟಿಯಾದ ಕುರ್ಚಿಯ ಮೇಲೋ ಮರದ ಖೋಕಾದ ಮೇಲೋ ಇಟ್ಟು, ವಾದಕನ ತಲೆಯ ಕಡೆಗೆ ಸ್ವಲ್ಪ ಹಿಂದಕ್ಕೆ ಓರೆ ಮಾಡಿದರೆ, ತಾನು ಏನನ್ನು ನುಡಿಸುತ್ತಿರುವೆನೆಂಬುದು ಅವನಿಗೇ ಮೊದಲು ಕೇಳುತ್ತದೆ; ಗುಂಡಿಗಳು ತಾವಾಗಿಯೇ ಕೆಳಗಿಳಿಯುತ್ತವೆ. ನೆಲದಿಂದ ಎತ್ತಿದ್ದರಿಂದ ಇನ್ನೂ ಒಂದು ಲಾಭವಿದೆ. ನೆಲಕ್ಕೂ ಗೋಡೆಗೂ ಒತ್ತಿಟ್ಟ ಪೆಟ್ಟಿಗೆಯಲ್ಲಿ ಮಂದ್ರಸ್ವರಗಳು ಉಬ್ಬುತ್ತವೆ; ಟೊಳ್ಳಾದ ಮರದ ವೇದಿಕೆಯಾದರೆ ಅದೂ ಜೊತೆಗೂಡಿ ಗುಮ್ಮೆನ್ನುತ್ತದೆ. ಆ ಎಡೆಯಲ್ಲಿ ಬಾಸ್ ಗಿಟಾರೂ ಡ್ರಮ್ಮೂ ಈಗಾಗಲೇ ತುಂಬಿಕೊಂಡಿವೆ. ನಾಲ್ಕು ಸ್ಪೀಕರಿನ ಪೆಟ್ಟಿಗೆಯನ್ನು ಕುರ್ಚಿಯ ಮೇಲೆ ಏರಿಸುವವರನ್ನು ನಾವು ಕಂಡಿಲ್ಲ.

ಪೆಟ್ಟಿಗೆಯ ಬೆನ್ನು ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ಗಾಳಿಯನ್ನು ತಳ್ಳಿದಾಗ ಹಿಂದೆ ಅಷ್ಟೇ ಗಾಳಿಯನ್ನು ಎಳೆಯುತ್ತದೆ. ಬೆನ್ನು ತೆರೆದಿದ್ದರೆ ಈ ಎರಡು ಅಲೆಗಳು ಪೆಟ್ಟಿಗೆಯ ಅಂಚನ್ನು ಸುತ್ತಿ ಬಂದು ಪರಸ್ಪರ ಅಳಿಸಿಕೊಳ್ಳುತ್ತವೆ. ಉದ್ದನೆಯ ಅಲೆಗಳೇ ಹೀಗೆ ಸುತ್ತಿ ಬರುವುದರಿಂದ ನಷ್ಟವಾಗುವುದು ಮಂದ್ರಸ್ವರ. ಅದಕ್ಕೆ ಪ್ರತಿಯಾಗಿ, ಹಿಂದಿನ ಅಲೆಯು ಗೋಡೆಗೆ ತಗಲಿ ಮರಳಿ ವೇದಿಕೆಯನ್ನೆಲ್ಲ ತುಂಬುತ್ತದೆ. ಡ್ರಮ್ ವಾದಕನಿಗೂ ಗಿಟಾರು ಕೇಳುತ್ತದೆ. ಬೆನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ ಶಂಕುವನ್ನು ಹತೋಟಿಯಲ್ಲಿಡುತ್ತದೆ; ಮಂದ್ರಸ್ವರಗಳು ಬಿಗಿಯಾಗಿ, ಏಟು ಹಾಕಿದಂತೆ ಬರುತ್ತವೆ; ಆದರೆ ಧ್ವನಿ ಮುಂದಕ್ಕೆ ಮಾತ್ರ. ವೋಕ್ಸ್ ಕಂಪನಿಯ ಎರಡು ಸ್ಪೀಕರಿನ ‘ಎಸಿ ೩೦’ ಮೊದಲ ಜಾತಿಗೆ, ಮಾರ್ಷಲ್ಲರದು ಎರಡನೆಯ ಜಾತಿಗೆ ಪ್ರಸಿದ್ಧ ಉದಾಹರಣೆಗಳು. ಬೆನ್ನುಹಲಗೆಯನ್ನು ಅರ್ಧ ತೆಗೆಯಲು ಬರುವ ಪೆಟ್ಟಿಗೆ ದೊರೆತರೆ ಹೊಸಬರಿಗೆ ಅದು ಅನುಕೂಲ. ಪ್ರತಿಯೊಂದು ಸಭಾಂಗಣದಲ್ಲಿಯೂ ಎರಡು ಬಗೆಯನ್ನೂ ಪರೀಕ್ಷಿಸಬಹುದು. ಮರದ ವಿಷಯದಲ್ಲಿ ಒಂದೇ ಮಾತು: ಒಳ್ಳೆಯ ಪ್ಲೈವುಡ್ ಇರಲಿ, ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆ ಭಾರವೂ ಹೌದು, ನೀರು ತಗಲಿದರೆ ಉಬ್ಬಿ ಉದುರುವುದೂ ಹೌದು.

ನಮ್ಮ ವಾದಕ್ಕೆ ಎದುರಾಗಿ ಹೇಳಬಹುದಾದುದು ಇಲ್ಲದಿಲ್ಲ. ಒಂದೇ ಶಕ್ತಿಯನ್ನು ನಾಲ್ಕು ಸ್ಪೀಕರುಗಳಿಗೆ ಹಂಚಿದಾಗ ಮಂದ್ರಸ್ವರಗಳಲ್ಲಿ ಅವು ಒಂದಕ್ಕೊಂದು ನೆರವಾಗಿ ಹೆಚ್ಚು ಗಾಳಿಯನ್ನು ತಳ್ಳುತ್ತವೆಂಬುದು ನಿಜ. ಆ ಗುದ್ದನ್ನು ಎದೆಯಲ್ಲಿ ಅನುಭವಿಸಿದವರು ಅದನ್ನು ಸುಲಭವಾಗಿ ಬಿಡಲಾರರು. ವಾಲ್ವಿನ ಆಂಪ್ಲಿಫೈಯರನ್ನು ಅದರ ಸಾಮರ್ಥ್ಯದ ತುದಿಗೆ ಒಯ್ದಾಗಲೇ ಅದು ಹಾಡುತ್ತದೆ ಎಂಬ ಮಾತೂ ದಿಟವೇ. ಆದರೆ ತುದಿಗೆ ಒಯ್ಯಬೇಕಾದದ್ದು ೧೦೦ ವಾಟಿನ ಯಂತ್ರವನ್ನೇ ಏಕೆ? ೧೫ ವಾಟಿನದೂ ತನ್ನ ತುದಿಯಲ್ಲಿ ಹಾಡುತ್ತದೆ.

ಏಕೆಂದರೆ ಇಲ್ಲಿ ಪಣಕ್ಕಿಟ್ಟಿರುವುದು ಹಣವೊಂದೇ ಅಲ್ಲ. ಮನುಷ್ಯನ ಪ್ರತಿಯೊಂದು ಒಳಕಿವಿಯ ಶಂಖದಲ್ಲಿಯೂ ಸುಮಾರು ೧೫,೦೦೦ ರೋಮಕೋಶಗಳಿವೆ. ಶಬ್ದವನ್ನು ನರಗಳಿಗೆ ಒಪ್ಪಿಸುವ ಕೆಲಸ ಇವುಗಳದು. ಅತಿಯಾದ ಶಬ್ದದಿಂದ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ೧೯೯೮ರಲ್ಲಿ ಪ್ರಕಟಿಸಿದ ಮಾನದಂಡದಂತೆ ೮೫ ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ೮ ಗಂಟೆ ಇರಬಹುದು. ಮುಂದೆ ಪ್ರತಿ ೩ ಡೆಸಿಬೆಲಿಗೂ ಈ ಅವಧಿ ಅರ್ಧವಾಗುತ್ತದೆ. ೧೦೦ ಡೆಸಿಬೆಲಿಗೆ ೧೫ ನಿಮಿಷ; ೧೧೨ಕ್ಕೆ ಒಂದು ನಿಮಿಷವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಸಂಗೀತ ಸಭೆಗಳಿಗೆ ಗೊತ್ತುಮಾಡಿದ ಮೇಲ್ಮಿತಿ, ೧೫ ನಿಮಿಷಗಳ ಸರಾಸರಿಯಲ್ಲಿ ೧೦೦ ಡೆಸಿಬೆಲ್. ೨೦ ವಾಟಿನ ಯಂತ್ರ, ಒಂದೇ ಸ್ಪೀಕರು, ಒಂದು ಮೀಟರ್ ದೂರ ಎಂದು ಮೇಲೆ ಹಾಕಿದ ಲೆಕ್ಕದಲ್ಲಿ ೧೧೩ ಬಂದದ್ದನ್ನು ವಾಚಕರು ನೆನೆಯಬೇಕು. ಟೌನ್‌ಸೆಂಡ್ ಅವರು ತಮ್ಮ ಶ್ರವಣಶಕ್ತಿ ಕುಂದಿದುದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಸ್ಟುಡಿಯೋದಲ್ಲಿ ಧರಿಸುತ್ತಿದ್ದ ಹೆಡ್‌ಫೋನನ್ನು ಅವರು ೨೦೦೬ರಲ್ಲಿ ಅದಕ್ಕೆ ಮುಖ್ಯ ಕಾರಣವೆಂದು ಹೆಸರಿಸಿದರು. ಆದುದರಿಂದ ಎಲ್ಲ ತಪ್ಪನ್ನೂ ಗೋಪುರದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಕಿವಿಗೆ ಶಬ್ದದ ಮೂಲ ಯಾವುದೆಂಬ ಭೇದವಿಲ್ಲ. ವಾರಕ್ಕೆ ಮೂರು ಸಂಜೆ ಚಿಕ್ಕ ಕೋಣೆಯಲ್ಲಿ ಅಭ್ಯಾಸ ಮಾಡುವ ಹದಿನೆಂಟರ ಹುಡುಗನಿಗೂ ಹುಡುಗಿಗೂ ಸಣ್ಣ ಪೆಟ್ಟಿಗೆಯನ್ನು ನಾವು ಶಿಫಾರಸು ಮಾಡಲು ಇದೊಂದೇ ಕಾರಣ ಸಾಕಾಗಿತ್ತು.

ಜೋಡಣೆಯ ವಿಷಯದಲ್ಲಿ ಎರಡು ಮಾತು. ಪ್ರತಿಯೊಂದು ಸ್ಪೀಕರಿನ ಮೇಲೂ ೪, ೮ ಅಥವಾ ೧೬ ಓಮ್ ಎಂದು ಬರೆದಿರುತ್ತದೆ. ೮ ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ೪ ಓಮ್ ಆಗುತ್ತದೆ. ಆಂಪ್ಲಿಫೈಯರು ಅದನ್ನು ಅನುಮತಿಸಿದೆಯೇ ಎಂದು ಅದರ ಬೆನ್ನಿನ ಬರಹವನ್ನು ಓದಿಯೇ ಜೋಡಿಸಬೇಕು. ವಾಲ್ವಿನ ಯಂತ್ರವನ್ನು ಸ್ಪೀಕರಿಲ್ಲದೆ ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಕೆಟ್ಟುಹೋಗಬಹುದು. ಅದು ತುದಿಗೆ ಹೋದಾಗ ತನ್ನ ಮೇಲೆ ಬರೆದುದಕ್ಕಿಂತ ಹೆಚ್ಚು ಶಕ್ತಿಯನ್ನು ಹರಿಸುವುದರಿಂದ ೨೦ ವಾಟಿನ ಯಂತ್ರಕ್ಕೆ ೪೦ ವಾಟನ್ನಾದರೂ ತಾಳುವ ಸ್ಪೀಕರು ಬೇಕು. ಗಿಟಾರಿನಿಂದ ಆಂಪ್ಲಿಫೈಯರಿಗೆ ಬರುವ ತೆಳು ತಂತಿಯನ್ನು ಸ್ಪೀಕರಿಗೆ ಬಳಸಬಾರದು. ಎರಡರ ತುದಿಯೂ ಒಂದೇ ರೀತಿ ಕಂಡರೂ ಒಳಗಿನ ತಾಮ್ರ ಒಂದೇ ಅಲ್ಲ.

ಪೆಟ್ಟಿಗೆಯ ನಾದವನ್ನೇ ಗಣಕದಂತೆ ಲೆಕ್ಕ ಹಾಕಿ ಅನುಕರಿಸುವ ಯಂತ್ರಗಳು ಈಗ ಬಂದಿವೆ. ಅವನ್ನು ನೇರವಾಗಿ ಸಭಾಂಗಣದ ಧ್ವನಿವರ್ಧಕಗಳಿಗೆ ಜೋಡಿಸುವವರೂ ಹೆಚ್ಚುತ್ತಿದ್ದಾರೆ. ಗಿಟಾರಿನ ಸ್ಪೀಕರು ಸೆಕೆಂಡಿಗೆ ಸುಮಾರು ೫,೦೦೦ ಕಂಪನಗಳ ಮೇಲಿನದನ್ನೆಲ್ಲ ಬಹುಪಾಲು ಸೋಸಿಬಿಡುತ್ತದೆ; ಆಂಪ್ಲಿಫೈಯರಿನ ಕರ್ಕಶತೆ ಇಂಪಾಗುವುದು ಹೀಗೆಯೇ. ಅನುಕರಣಯಂತ್ರವೂ ಅದನ್ನೇ ಮಾಡುತ್ತದೆ. ಆದುದರಿಂದ ಅದರ ಮುಂದೆ ಮತ್ತೆ ಗಿಟಾರಿನ ಪೆಟ್ಟಿಗೆಯನ್ನು ಇಟ್ಟರೆ ಸೋಸಿದ್ದನ್ನೇ ಸೋಸಿದಂತಾಗಿ ನಾದ ಮಂಕಾಗುತ್ತದೆ. ಅಂಥವರು ಎಲ್ಲ ಕಂಪನಗಳನ್ನೂ ಸಮನಾಗಿ ಕೊಡುವ ಸಾಮಾನ್ಯ ಧ್ವನಿವರ್ಧಕವನ್ನೇ ಕೊಳ್ಳುವುದು ಲೇಸು.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರನ್ನೂ, ಸಾಧ್ಯವಾದರೆ ನಿಮ್ಮದೇ ಆಂಪ್ಲಿಫೈಯರನ್ನೂ ಒಯ್ಯಿರಿ. ಪೆಟ್ಟಿಗೆಯ ಮುಂದೆ ನಿಂತು ಕೇಳಿದ್ದು ಸಾಲದು; ಮಿತ್ರನೊಬ್ಬನಿಗೆ ನುಡಿಸಲು ಹೇಳಿ, ನೀವು ಹತ್ತು ಹೆಜ್ಜೆ ದೂರ ಹೋಗಿ, ಎಡಕ್ಕೂ ಬಲಕ್ಕೂ ಸರಿದು, ಒಮ್ಮೆ ಕುಳಿತು ಕೇಳಿರಿ. ಕಡೆಯದಾಗಿ ಪೆಟ್ಟಿಗೆಯನ್ನು ಒಬ್ಬರೇ ಎತ್ತಿಕೊಂಡು ಅಂಗಡಿಯ ಬಾಗಿಲವರೆಗೆ ನಡೆದು ನೋಡಿರಿ. ಮಾರ್ಷಲ್ ಕಂಪನಿಯ ನಾಲ್ಕು ಸ್ಪೀಕರಿನ ಪೆಟ್ಟಿಗೆ ಸುಮಾರು ೩೬ ಕಿಲೋಗ್ರಾಂ ತೂಗುತ್ತದೆ. ಒಂದು ಸ್ಪೀಕರಿನದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಕಾರ್ಯಕ್ರಮ ಮುಗಿದ ರಾತ್ರಿ ಅದನ್ನು ಆಟೋರಿಕ್ಷಾಕ್ಕೆ ಹೇರಿ, ಮನೆಯ ಮೆಟ್ಟಿಲು ಹತ್ತಿಸಬೇಕಾದವರು ನೀವೇ.